‘ನಮ್ಮ ವಂಶದ ಹಲ್ಲೇ ಹೀಗೆ’: ಹುಳುಕಿನಲ್ಲಿ ಜೀನಿನ ಪಾಲು ಎಷ್ಟು?

ಮೇಷ್ಟ್ರು_ಗೋಣಿಕೊಪ್ಪ

ಶಾಲಾ ತಪಾಸಣೆಯ ಕಾರ್ಡ್ ಕೈಗೆ ಕೊಟ್ಟ ಕೂಡಲೇ ಪೋಷಕರ ಕಡೆಯಿಂದ ಬರುವ ಮಾತು ಒಂದೇ: “ನಮ್ಮ ವಂಶದ ಹಲ್ಲೇ ಹೀಗೆ ಸಾರ್. ಇವನ ಅಪ್ಪನಿಗೂ ಹುಳುಕು, ಅಜ್ಜನಿಗೂ ಹುಳುಕು. ಉಜ್ಜಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.” ಇನ್ನೊಂದು ಕಡೆ, ಒಂದೇ ಮನೆಯ ಅಣ್ಣ ತಂಗಿ, ಒಂದೇ ಟ್ಯೂಬಿನ ಪೇಸ್ಟ್, ಅಣ್ಣನ ಬಾಯಿ ತುಂಬ ಹುಳುಕು, ತಂಗಿಗೆ ಒಂದೂ ಇಲ್ಲ ಎನ್ನುವ ಕಾರ್ಡುಗಳೂ ಇವೆ.

ತಿಳಿದವರು ಬಿಡಿಸಿ ಹೇಳಿ. ಹುಳುಕಿನಲ್ಲಿ ವಂಶವಾಹಿಯ ಪಾಲು ನಿಜಕ್ಕೂ ಎಷ್ಟು? ಯಾವ ಮಗುವನ್ನು ‘ಇದು ಬರೀ ಸಿಹಿತಿಂಡಿಯ ಕತೆಯಲ್ಲ’ ಅಂತ ಮುಂದಕ್ಕೆ ಕಳಿಸಬೇಕು? ಜೊಲ್ಲು ಕಳಿಸಿದರೆ ‘ಕ್ಯಾವಿಟಿ ರಿಸ್ಕ್’ ಹೇಳುತ್ತೇವೆ ಎನ್ನುವ ಜೀನ್ ಕಿಟ್‌ಗಳಿಗೆ ದುಡ್ಡು ಹಾಕಬಹುದಾ?

ಮಕ್ಕಳ_ಹಲ್ಲು_ವಿರಾಜಪೇಟೆ

ಮೊದಲು ಎರಡನ್ನು ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಚರ್ಚೆ ಎತ್ತೆತ್ತಲೋ ಹೋಗುತ್ತದೆ.

ಒಂದು, ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅಥವಾ ಡೆಂಟಿನ್ (ಅದರ ಒಳಗಿನ ಪದರ) ಕೆಟ್ಟಿರುವ ಕಾಯಿಲೆಗಳು. ಇವು ಬಹುತೇಕ ಒಂದೇ ಜೀನಿನ ದೋಷದಿಂದ ಬರುವಂಥವು, ಅಪರೂಪ. ಇಲ್ಲಿ ‘ವಂಶದ ಹಲ್ಲು’ ಎನ್ನುವ ಮಾತು ಅಕ್ಷರಶಃ ನಿಜ. ಎರಡು, ಸಾಮಾನ್ಯ ಹುಳುಕು. ಸಕ್ಕರೆ, ಬ್ಯಾಕ್ಟೀರಿಯಾ, ಸಮಯ ಈ ಮೂರೂ ಸೇರಿ ಮಾಡುವ ಕೆಲಸ. ಜೀನು ಇಲ್ಲಿ ಅಂಚಿನಲ್ಲಿ ನಿಂತು ಸ್ವಲ್ಪ ಆಚೀಚೆ ತಳ್ಳುತ್ತದೆ, ಅಷ್ಟೇ. ಶಾಲೆಯಲ್ಲಿ ಕಾಣುವ ಕಾರ್ಡುಗಳಲ್ಲಿ ಹೆಚ್ಚಿನವು ಈ ಎರಡನೆಯವು.

ಕ್ಯಾಂಪಿನಲ್ಲಿ ಟಾರ್ಚ್, ಬಾಯಿಕನ್ನಡಿ, ಹತ್ತಿ ಇಷ್ಟಿದ್ದರೂ ಬೇರ್ಪಡಿಸಬಹುದು. ಹಲ್ಲಿನ ಮೇಲಿನ ಪಾಚಿಯನ್ನು ಒರೆಸಿ, ಹತ್ತಿಯಿಂದ ಚೆನ್ನಾಗಿ ಒಣಗಿಸಿ ನೋಡಿ. ಒದ್ದೆ ಹಲ್ಲಿನ ಮೇಲೆ ಆರಂಭದ ಬಿಳಿ ಕಲೆ ಕಾಣುವುದೇ ಇಲ್ಲ, ಕ್ಯಾಂಪುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಅದೇ.

ಸಾಮಾನ್ಯ ಹುಳುಕಿಗೆ ಒಂದು ನಕ್ಷೆ ಇದೆ. ಪುಟ್ಟ ಮಕ್ಕಳಲ್ಲಿ ಮೇಲಿನ ಮುಂದಿನ ನಾಲ್ಕು ಹಲ್ಲುಗಳ ವಸಡಿನ ಅಂಚಿನಲ್ಲಿ ಬಿಳಿ ಗೆರೆಯಾಗಿ ಶುರು, ಆಮೇಲೆ ದವಡೆ ಹಲ್ಲಿನ ಗೀರುಗಳಿಗೆ. ಕೆಳಗಿನ ಮುಂದಿನ ಹಲ್ಲುಗಳು ಕೊನೆಯವರೆಗೂ ಉಳಿದುಕೊಳ್ಳುತ್ತವೆ, ಏಕೆಂದರೆ ಬಾಟಲಿ ಚೀಪುವಾಗ ನಾಲಿಗೆ ಅವನ್ನು ಮುಚ್ಚಿರುತ್ತದೆ, ದವಡೆಯಡಿಯ ಗ್ರಂಥಿಯ ಜೊಲ್ಲು ಅಲ್ಲೇ ಬಂದು ತೊಳೆಯುತ್ತದೆ. ಹಾಗಾಗಿ ಕೆಳಗಿನ ಮುಂದಿನ ಹಲ್ಲುಗಳೂ ಕೆಟ್ಟಿದ್ದರೆ ನಿಂತು ಯೋಚಿಸಿ: ಎನಾಮಲ್ ದೋಷವೋ, ಜೊಲ್ಲು ಕಡಿಮೆಯೋ ಎಂದು.

ಎನಾಮಲ್ ಕಾಯಿಲೆಯ ಗುರುತು ಬೇರೆ. ಹಾಲು ಹಲ್ಲು, ಶಾಶ್ವತ ಹಲ್ಲು ಎರಡರಲ್ಲೂ ಇರುತ್ತದೆ, ಎಡಕ್ಕೂ ಬಲಕ್ಕೂ ಒಂದೇ ತರ. ಹಲ್ಲು ವಸಡಿನಿಂದ ಮೇಲೆ ಬರುವಾಗಲೇ ಬಣ್ಣ ಸರಿ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಎನಾಮಲ್ ಮತ್ತು ಡೆಂಟಿನ್ ನಡುವೆ ಇರಬೇಕಾದ ಛಾಯೆಯ ವ್ಯತ್ಯಾಸ ಮಾಸಿರುತ್ತದೆ. ವಿಚಿತ್ರ ಅಂದರೆ, ಇಂಥವರಲ್ಲಿ ಕೆಲವರಿಗೆ ಹಲ್ಲುಗಳ ನಡುವೆ ಸಂದು ಇರುವುದರಿಂದ ಹುಳುಕು ಕಡಿಮೆಯೇ. ಸವೆತ, ಜುಮ್ಮೆನ್ನುವಿಕೆ, ತುಂಡಾಗುವುದೇ ಅವರ ತೊಂದರೆ. ಅದನ್ನೇ ಎಲ್ಲರೂ ಹುಳುಕು ಎಂದು ಬರೆದುಬಿಡುತ್ತಾರೆ.

ಮಧ್ಯದಲ್ಲೊಂದು ಗುಂಪು ಇದೆ: ಆರನೇ ವರ್ಷಕ್ಕೆ ಬರುವ ಮೊದಲ ಶಾಶ್ವತ ದವಡೆ ಹಲ್ಲುಗಳು ಮತ್ತು ಮುಂದಿನ ಹಲ್ಲುಗಳಲ್ಲಿ ಮಾತ್ರ ಕೆನೆ, ಹಳದಿ, ಕಂದು ಮಚ್ಚೆ. ನಾಲ್ಕು ದವಡೆ ಹಲ್ಲುಗಳಲ್ಲಿ ಎರಡು ಕೆಟ್ಟು ಎರಡು ಸರಿ ಇರಬಹುದು. ಇದು ಆ ಹಲ್ಲುಗಳ ಎನಾಮಲ್ ಗಟ್ಟಿಯಾಗುವ ಹುಟ್ಟಿನಿಂದ ಮೂರು ವರ್ಷದ ಅವಧಿಯಲ್ಲಿ ಆದ ಅಡಚಣೆ. ಜೀನಿನ ಪಾಲು ಭಾಗಶಃ ಇರಬಹುದು, ಪೂರ್ತಿ ಅಲ್ಲ. ಇಂಥ ಹಲ್ಲು ಬೇಗ ಮುರಿಯುತ್ತದೆ, ಮುಟ್ಟಿದರೆ ನೋವು, ಮರಗಟ್ಟಿಸುವ ಚುಚ್ಚುಮದ್ದೂ ಸರಿಯಾಗಿ ಹಿಡಿಯುವುದಿಲ್ಲ. ನೋವಿಗೆ ಹೆದರಿ ಮಗು ಆ ಭಾಗ ಉಜ್ಜುವುದಿಲ್ಲ, ಅಲ್ಲಿಗೆ ನಿಜವಾದ ಹುಳುಕೂ ಬಂದು ಸೇರುತ್ತದೆ. ಅಣ್ಣನಿಗಿದ್ದು ತಂಗಿಗಿಲ್ಲ ಎನ್ನುವ ಕಾರ್ಡುಗಳಲ್ಲಿ ಮೊದಲು ನೋಡಬೇಕಾದದ್ದು ಈ ಮಚ್ಚೆಯನ್ನು.

ಜೀನ್_ಮಾತು_ಮಡಿಕೇರಿ

ಒಂದೇ ಜೀನಿನ ಕಾಯಿಲೆಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ.

ಎನಾಮಲ್ ತೂಕದಲ್ಲಿ ಸುಮಾರು ಶೇ. 96 ಖನಿಜ. ಆದರೆ ಹುಟ್ಟುವಾಗ ಅದು ಪ್ರೋಟೀನಿನ ಹಂದರ. ಅಮೆಲೋಬ್ಲಾಸ್ಟ್ ಎಂಬ ಕೋಶಗಳು ಅಮೆಲೋಜೆನಿನ್, ಎನಾಮೆಲಿನ್, ಅಮೆಲೋಬ್ಲಾಸ್ಟಿನ್ ಎಂಬ ಪ್ರೋಟೀನುಗಳನ್ನು ಸುರಿಸುತ್ತವೆ, ಇದರಲ್ಲಿ ಹತ್ತಿರಹತ್ತಿರ ಶೇ. 90 ಅಮೆಲೋಜೆನಿನ್. ಆಮೇಲೆ ಎರಡು ಕಿಣ್ವಗಳು ಆ ಹಂದರವನ್ನು ಕತ್ತರಿಸಿ ತೆಗೆಯಬೇಕು: ಮೊದಲ ಹಂತದಲ್ಲಿ ಎಂಎಂಪಿ20, ಹದಗೊಳ್ಳುವ ಹಂತದಲ್ಲಿ ಕೆಎಲ್‌ಕೆ4. ತೆಗೆದ ಜಾಗದಲ್ಲಿ ಖನಿಜ ತುಂಬಿಕೊಳ್ಳುತ್ತದೆ. ಹಲ್ಲು ಬಾಯಿಗೆ ಬರುವಷ್ಟರಲ್ಲಿ ಆ ಕೋಶಗಳು ಹೋಗಿಬಿಟ್ಟಿರುತ್ತವೆ, ಹಾಗಾಗಿ ಎನಾಮಲ್ ಮತ್ತೆ ಹುಟ್ಟುವುದಿಲ್ಲ. ಯಾವ ಜೀನು ಕೈಕೊಟ್ಟಿತು ಎನ್ನುವುದರ ಮೇಲೆ ಹಲ್ಲಿನ ನೋಟ ನಿಲ್ಲುತ್ತದೆ.

ಎನಾಮ್ ಜೀನು: ಒಂದು ಪ್ರತಿ ಕೆಟ್ಟರೆ ಅಡ್ಡ ಗೀರು, ಸಣ್ಣ ಗುಳಿ. ಎರಡೂ ಕೆಟ್ಟರೆ ಎನಾಮಲ್ ತೀರಾ ತೆಳು. ಫ್ಯಾಮ್83ಎಚ್: ಎನಾಮಲ್ ದಪ್ಪ ಸರಿ, ಆದರೆ ಮೆತ್ತಗೆ. ಹಳದಿ-ಕಂದು ಬಣ್ಣ, ಬಂದ ಕೆಲವೇ ಕಾಲದಲ್ಲಿ ಚಕ್ಕೆ ಏಳುತ್ತದೆ. ಇವೆರಡೂ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲವು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎಂಎಂಪಿ20, ಕೆಎಲ್‌ಕೆ4, ಡಬ್ಲ್ಯುಡಿಆರ್72: ಇವು ಇಬ್ಬರಿಂದಲೂ ಬಂದರೆ ಮಾತ್ರ. ಹತ್ತಿರದ ಸಂಬಂಧದಲ್ಲಿ, ಅಂದರೆ ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂದು ಮದುವೆಯಾದ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಡೆಂಟಿನ್‌ಗೆ ಡಿಎಸ್‌ಪಿಪಿ: ಹಲ್ಲು ನೀಲಿಬೂದು ಅಥವಾ ಜೇನುಬಣ್ಣ, ಬೆಳಕು ಹಾಯುವಂತೆ. ಎಕ್ಸ್‌ರೇಯಲ್ಲಿ ಒಳಗಿನ ನರದ ಕೋಣೆ ಮುಚ್ಚಿಹೋಗಿರುತ್ತದೆ. ಅದೇ ನೋಟ ಮೂಳೆ ಪದೇಪದೇ ಮುರಿಯುವ ಮಗುವಿನಲ್ಲಿ ಕಂಡರೆ ಅದು ಕೊಲಾಜೆನ್ ಜೀನಿನ ವಿಷಯ, ಬರೀ ಹಲ್ಲಿನದಲ್ಲ.

ಇನ್ನು ಅಮೆಲ್‌ಎಕ್ಸ್. ಕೊಡಗಿನವರಿಗೆ ಇದನ್ನು ಎಳೆಎಳೆಯಾಗಿ ಹೇಳಬೇಕು. ಇದು ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಕೆಟ್ಟರೆ ಎಲ್ಲ ಹಲ್ಲೂ ಪೂರ್ತಿ ಕೆಟ್ಟಿರುತ್ತವೆ. ಹೆಣ್ಣಿನಲ್ಲಿ ಕೆಲವು ಕೋಶಗಳಲ್ಲಿ ಒಂದು ಎಕ್ಸ್, ಉಳಿದವುಗಳಲ್ಲಿ ಇನ್ನೊಂದು ಎಕ್ಸ್ ಕೆಲಸ ಮಾಡುವುದರಿಂದ ಹಲ್ಲಿನ ಮೇಲೆ ಮೇಲಿಂದ ಕೆಳಕ್ಕೆ ಉದ್ದ ಪಟ್ಟಿಗಳು: ಒಂದು ಪಟ್ಟಿ ಸರಿ, ಪಕ್ಕದ್ದು ಮಂಕು. ಓರೆ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಫ್ಲೋರೈಡ್ ಹೆಚ್ಚಾಗಿ ಬರುವ ಗೆರೆ ಅಡ್ಡ, ಇದು ಉದ್ದ.

ತಂದೆ ಮಗನಿಗೆ ಕೊಡುವುದು ವೈ, ಎಕ್ಸ್ ಅಲ್ಲ. ಅಂದರೆ ದೋಷವಿರುವ ಗಂಡಿನ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಒಬ್ಬ ಗಂಡುಮಗನಿಗೂ ಹೋಗುವುದಿಲ್ಲ. ಒಕ್ಕದ (ಕೊಡವರ ಮನೆತನದ) ಲೆಕ್ಕ ಗಂಡುಸಂತಾನದ್ದು, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಒಕ್ಕ ಸೇರುತ್ತಾರೆ. ಪರಿಣಾಮ ನೋಡಿ: ಅಜ್ಜನ ಒಕ್ಕದಲ್ಲಿ ಮಕ್ಕಳು ಮೊಮ್ಮಕ್ಕಳ ಹಲ್ಲು ಶುದ್ಧ, ದೋಷ ಹೋಗಿ ಕುಳಿತಿರುವುದು ಬೇರೆ ಮನೆಹೆಸರಿನ ಮೂರು ನಾಲ್ಕು ಕಡೆ, ಮಗಳ ಗಂಡುಮಕ್ಕಳಲ್ಲಿ. “ನಮ್ಮ ಒಕ್ಕದಲ್ಲಿ ಯಾರಿಗೂ ಇಲ್ಲ” ಎಂಬ ಉತ್ತರ ಪೂರ್ತಿ ಪ್ರಾಮಾಣಿಕ, ಪೂರ್ತಿ ದಾರಿತಪ್ಪಿಸುವಂಥದ್ದು. ತಾಯಿಯ ತವರನ್ನು ಕೇಳದೆ ವಂಶವೃಕ್ಷ ಬರೆಯಬೇಡಿ. ಒಕ್ಕದೊಳಗೆ ಮದುವೆ ಇಲ್ಲ ಎನ್ನುವುದು ತಂದೆಯ ಕಡೆಯ ಸಂಬಂಧವನ್ನು ಮಾತ್ರ ತಪ್ಪಿಸುತ್ತದೆ, ತಾಯಿ ಕಡೆಯದನ್ನಲ್ಲ.

ಲೈನ್‌ಮನೆ_ಆರೋಗ್ಯ_ಸಿದ್ದಾಪುರ

ವಂಶವೃಕ್ಷದ ವಿಷಯಕ್ಕೆ ಸೇರಿಸುವುದು: ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ಕೆಡಿಸುತ್ತದೆ. “ಮನೆಯಲ್ಲಿ ಯಾರಿಗಾದರೂ ಹುಳುಕು ಇತ್ತಾ” ಎಂದರೆ ಎಲ್ಲರೂ ಹೌದು ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು: ಹಲ್ಲು ಬರುವಾಗಲೇ ಬಣ್ಣ ಬೇರೆ ಇತ್ತಾ? ಹಾಲು ಹಲ್ಲೂ ಹಾಗೇ ಇತ್ತಾ? ಮೊದಲ ಹಲ್ಲು ಕೀಳಿಸಿದ್ದು ಯಾವ ವಯಸ್ಸಿನಲ್ಲಿ? ಸೆಟ್ ಕಟ್ಟಿಸಿದ್ದು ಯಾವಾಗ? ಕಾಲು ಸೊಟ್ಟ, ಮೂಳೆ ಮುರಿತ, ಕಿಡ್ನಿ ತೊಂದರೆ ಯಾರಿಗಾದರೂ?

ಅಜ್ಜ-ಅಜ್ಜಿ ಬೊಚ್ಚುಬಾಯಿ ಆಗಿದ್ದರೆ ಅದನ್ನು ಹುಳುಕು ಎಂದು ಬರೆಯಬೇಡಿ. ಎಲೆಅಡಿಕೆ ಜಗಿದು ಸವೆದದ್ದೋ, ವಸಡು ಕರಗಿ ಹಲ್ಲು ಅಲ್ಲಾಡಿ ಬಿದ್ದದ್ದೋ ಆಗಿರಬಹುದು. ಹಳೆಯ ಮದುವೆ ಫೋಟೋ ಆಲ್ಬಂ ಕೇಳಿ. ಇಪ್ಪತ್ತರ ಪ್ರಾಯದಲ್ಲಿ ನಕ್ಕ ಮುಖ ಒಂದು ಸಿಕ್ಕಿದರೂ ಅರ್ಧ ಗಂಟೆಯ ಪ್ರಶ್ನೋತ್ತರಕ್ಕಿಂತ ವಾಸಿ.

ಚಿತ್ರ ಬರೆಯುವ ಕ್ರಮ: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದೋಷ ಇದ್ದವರಿಗೆ ಒಳಗೆ ಕಪ್ಪು, ಸಂಬಂಧದಲ್ಲಿ ಮದುವೆಗೆ ಜೋಡಿ ಗೆರೆ, ಮಗುವಿಗೆ ಬಾಣದ ಗುರುತು. ಮೂರು ತಲೆಮಾರು ಸಾಕು.

ನೀರು_ಪರೀಕ್ಷೆ_ಕುಶಾಲನಗರ

ಜೀನು ಅನ್ನುವ ಮೊದಲು ನೀರು ಕೇಳಿ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎನಾಮಲ್ ಮೇಲೆ ಮಚ್ಚೆ ಬರುತ್ತದೆ. ಈಗಿನ ಮನೆಯ ನೀರಲ್ಲ, ಹುಟ್ಟಿನಿಂದ ಎಂಟು ವರ್ಷದೊಳಗೆ ಮಗು ಎಲ್ಲಿ ನೀರು ಕುಡಿಯಿತು ಎಂದು. ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದ ಕುಟುಂಬಗಳಿವೆ, ಅಲ್ಲಿನ ಕಾರ್ಬಿ ಆಂಗ್ಲಾಂಗ್, ನಗಾಂವ್ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ನಮ್ಮಲ್ಲೇ ಪಾವಗಡ, ಕೋಲಾರ ಕಡೆಯಿಂದ ಬಂದವರಿದ್ದರೂ ಅದೇ ಪ್ರಶ್ನೆ. ಮಗು ಈಗ ಸಿದ್ದಾಪುರದ ಲೈನ್‌ಮನೆಯಲ್ಲಿದ್ದರೂ ಹಲ್ಲಿನ ಮೇಲಿರುವುದು ಹಳೆಯ ಊರಿನ ಕೊಳವೆಬಾವಿ. ಒಡಹುಟ್ಟಿದವರಲ್ಲಿ ಅಲ್ಲಿ ಬೆಳೆದ ದೊಡ್ಡವನಿಗೆ ಮಚ್ಚೆ, ಇಲ್ಲೇ ಹುಟ್ಟಿದ ಚಿಕ್ಕವಳಿಗೆ ಇಲ್ಲ ಎಂದಾದರೆ ಜೀನಿನ ಮಾತು ಅಲ್ಲಿಗೆ ಮುಗಿಯಿತು.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತನ್ನಿ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ, ಅದಕ್ಕೇ ಗಾಜಿನ ಬಾಟಲಿ ಬೇಡ. ಅದೇ ನೀರಿನಲ್ಲಿ ಮೂರು ಸಲ ಬಾಟಲಿ ತೊಳೆದು, ಬಾಯಿಯವರೆಗೆ ತುಂಬಿ, ಮೂಲದ ಹೆಸರು ಮತ್ತು ದಿನಾಂಕ ಬರೆದು ಕೊಡಿ. ತೆರೆದ ಬಾವಿ, ಕೊಳವೆಬಾವಿ ಎರಡೂ ಬಳಸುವ ಮನೆಯಾದರೆ ಎರಡು ಮಾದರಿ.

ಔಷಧಿ_ಅಂಗಡಿ_ಸೋಮವಾರಪೇಟೆ

ಜೀನ್ ಪಂಡಿತರು ಸಿಟ್ಟಾಗಬಾರದು, ಒಂದು ಮಾತು. ಒಂದೇ ಮನೆಯ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಹುಳುಕು ಇದ್ದರೆ ಔಷಧಿಯ ಚೀಟಿ ಕೇಳಿ. ಸಿರಪ್‌ನ ಆಧಾರವೇ ಸಕ್ಕರೆ ಪಾಕ, ಫಾರ್ಮಕೋಪಿಯದ (ಔಷಧಿ ಮಾನದಂಡದ ಪುಸ್ತಕದ) ಸಾದಾ ಸಿರಪ್ ತೂಕದಲ್ಲಿ ಮೂರನೇ ಎರಡು ಭಾಗ ಸಕ್ಕರೆ. ಮಳೆಗಾಲ ಪೂರ್ತಿ ಕೆಮ್ಮು ನೆಗಡಿ ಎಂದು ರಾತ್ರಿ ಮಲಗುವ ಮುಂಚೆ 5 ಮಿ.ಲೀ. ಕುಡಿಸಿ ಹಾಗೇ ಮಲಗಿಸಿದರೆ, ಜೊಲ್ಲು ನಿಂತುಹೋಗುವ ನಿದ್ದೆಯ ಹೊತ್ತಿಗೆ ಸಕ್ಕರೆ ಹಲ್ಲಿನ ಮೇಲೆ. ಅದರಲ್ಲಿ ಅಲರ್ಜಿ ತಡೆಯುವ ಅಂಶವಿದ್ದರೆ ಬಾಯಿ ಇನ್ನೂ ಒಣಗುತ್ತದೆ. ಪರಿಹಾರ ಸುಲಭ: ಔಷಧಿ ಮೊದಲು, ಹಲ್ಲುಜ್ಜುವುದು ಆಮೇಲೆ. ಸಕ್ಕರೆರಹಿತ ರೂಪ ಇದೆಯೇ ಎಂದು ವೈದ್ಯರನ್ನು ಕೇಳಿ. ಇನ್‌ಹೇಲರ್ ಆದರೆ ಪ್ರತಿ ಸಲ ಬಾಯಿ ಮುಕ್ಕಳಿಸಬೇಕು.

ಕಬ್ಬಿಣದ ಸಿರಪ್‌ನಿಂದ ಬರುವ ಕಪ್ಪು ಕಲೆಯನ್ನು ಹುಳುಕು ಎಂದು ಬರೆದ ಕಾರ್ಡುಗಳೂ ಬರುತ್ತವೆ. ಅದು ಮೇಲ್ಮೈ ಕಲೆ, ಪಾಲಿಶ್ ಮಾಡಿದರೆ ಹೋಗುತ್ತದೆ.

ಮೇಷ್ಟ್ರು_ಗೋಣಿಕೊಪ್ಪ

ಒಳ್ಳೆಯದಾಯಿತು. ಈಗ ಸಾಮಾನ್ಯ ಹುಳುಕಿನ ಜೀನಿಗೆ ಬನ್ನಿ. ಪತ್ರಿಕೆಯಲ್ಲಿ ‘ಶೇ. 60 ಆನುವಂಶಿಕ’ ಎಂದು ಓದಿದವರಿದ್ದಾರೆ. ಅದು ಸುಳ್ಳಾ?

ಜೀನ್_ಮಾತು_ಮಡಿಕೇರಿ

ಸುಳ್ಳಲ್ಲ, ಅರ್ಥ ಮಾಡಿಕೊಳ್ಳುವುದು ತಪ್ಪು. ಅವಳಿಗಳ ಅಧ್ಯಯನಗಳಲ್ಲಿ ಸುಮಾರು ಶೇ. 40ರಿಂದ 65 ಎಂಬ ಅಂಕಿ ಬಂದಿದೆ. ಅದು ಒಬ್ಬ ಮಗುವಿನ ಹುಳುಕಿನ ಪಾಲಲ್ಲ. ಒಂದು ಜನಸಮೂಹದಲ್ಲಿ, ಆ ಪರಿಸರದಲ್ಲಿ, ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸದಲ್ಲಿ ಜೀನಿನಿಂದ ಬಂದದ್ದೆಷ್ಟು ಎನ್ನುವ ಲೆಕ್ಕ. ತೋಟದ ಎಲ್ಲ ಗಿಡಕ್ಕೂ ಒಂದೇ ನೆರಳು, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟರೆ ಇಳುವರಿಯ ವ್ಯತ್ಯಾಸ ಬಹುಪಾಲು ತಳಿಯದ್ದು ಎಂದು ಕಾಣುತ್ತದೆ, ಅರ್ಧ ತೋಟಕ್ಕೆ ಗೊಬ್ಬರ ನಿಲ್ಲಿಸಿದರೆ ಅದೇ ತಳಿಯ ಪಾಲು ಕುಸಿಯುತ್ತದೆ. ಗಿಡ ಬದಲಾಗಿಲ್ಲ, ಅಂಕಿ ಬದಲಾಯಿತು.

ಮೆಲ್ಬರ್ನ್‌ನಲ್ಲಿ ಆರು ವರ್ಷದ ಅವಳಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೀನಿನ ಪ್ರಭಾವಕ್ಕೆ ಗಟ್ಟಿ ಪುರಾವೆಯೇ ಸಿಗಲಿಲ್ಲ. ಹೆಚ್ಚು ಪಾಲು ಕಂಡದ್ದು ಎರಡನೇ ಹಾಲು ದವಡೆ ಹಲ್ಲಿನ ಎನಾಮಲ್ ದೋಷ, ನೀರಿಗೆ ಫ್ಲೋರೈಡ್ ಇಲ್ಲದ ಊರು, ಗರ್ಭಾವಸ್ಥೆಯಲ್ಲಿ ತಾಯಿಯ ಬೊಜ್ಜು ಇವುಗಳದ್ದು. ಅವಳಿಗಳ ಬಾಯಿಯ ಬ್ಯಾಕ್ಟೀರಿಯಾಗಳನ್ನು ಹೋಲಿಸಿದ 2017ರ ಇನ್ನೊಂದು ಕೆಲಸದಲ್ಲೂ, ಆನುವಂಶಿಕವಾಗಿ ಕಂಡ ತಳಿಗಳು ಹುಳುಕು ತರುವ ತಳಿಗಳಾಗಿರಲಿಲ್ಲ.

ಹಾಗಂತ ಜೀನು ಏನೂ ಮಾಡುವುದಿಲ್ಲ ಎಂದಲ್ಲ. ಅದು ಕೆಲಸ ಮಾಡುವ ದಾರಿಗಳಿವೆ. ಸಿಎ6 ಎಂಬ ಜೀನು ಜೊಲ್ಲಿನಲ್ಲಿ ಒಂದು ಕಿಣ್ವ ತಯಾರಿಸುತ್ತದೆ, ಬೈಕಾರ್ಬನೇಟ್ ಜೊತೆ ಆಮ್ಲವನ್ನು ಕೂಡಿಸಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾಡುವ ಕೆಲಸವನ್ನು ಇದು ಚುರುಕುಗೊಳಿಸುತ್ತದೆ. ಎಕ್ಯೂಪಿ5 ಜೊಲ್ಲಿನ ಗ್ರಂಥಿಯ ನೀರಿನ ಬಾಗಿಲು. ಡಿಇಎಫ್‌ಬಿ1 ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನ್. ಟಿಎಎಸ್2ಆರ್38 ಕಹಿರುಚಿಯ ಜೀನು, ಪಿಟಿಸಿ ಎಂಬ ರಾಸಾಯನಿಕದ ಕಾಗದ ನಾಲಿಗೆಗಿಟ್ಟರೆ ಕೆಲವರಿಗೆ ಕಹಿ, ಕೆಲವರಿಗೆ ಸಪ್ಪೆ ಎಂದು 1931ರಲ್ಲಿ ಆರ್ಥರ್ ಫಾಕ್ಸ್ ಕಂಡದ್ದು ಇದರ ಆಟವನ್ನೇ. ಕಹಿ ಹೆಚ್ಚು ತಿಳಿಯುವ ಮಕ್ಕಳಲ್ಲಿ ಹಾಲು ಹಲ್ಲಿನ ಹುಳುಕು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ, ಸಿಹಿ ರುಚಿಗ್ರಾಹಕ ಜೀನುಗಳ ಮೇಲೂ ಅಂಥ ಕೆಲಸಗಳಿವೆ. ಒಂದೊಂದರ ಪರಿಣಾಮವೂ ಅತಿ ಸಣ್ಣದು. 2019ರಲ್ಲಿ ಲಕ್ಷಾಂತರ ಜನರ ದತ್ತಾಂಶ ಒಟ್ಟುಗೂಡಿಸಿ ಹುಳುಕಿಗೆ ಸಂಬಂಧಿಸಿದ 47 ಜಾಗಗಳನ್ನು ಡಿಎನ್‌ಎಯಲ್ಲಿ ಗುರುತಿಸಿದರು. ಅದೇ ಲೆಕ್ಕದಲ್ಲಿ ಹುಳುಕಿನ ಜೀನುಗಳು ಧೂಮಪಾನ, ಶಿಕ್ಷಣದ ಮಟ್ಟ ಇಂಥವುಗಳ ಜೀನುಗಳ ಜೊತೆ ಹೆಣೆದುಕೊಂಡಿದ್ದವು. ಅಂದರೆ ಹಲ್ಲಿನ ಜೀನು ಎಂದುಕೊಂಡದ್ದರಲ್ಲಿ ಒಂದಷ್ಟು ಬದುಕಿನ ರೀತಿಯ ನೆರಳು.

ಎಲ್ಲಕ್ಕಿಂತ ಕಣ್ಣು ತೆರೆಸುವುದು ಎಎಲ್‌ಡಿಒಬಿ. ಈ ಜೀನಿನ ಎರಡೂ ಪ್ರತಿ ಕೆಟ್ಟವರಿಗೆ ಫ್ರಕ್ಟೋಸ್ ಅರಗುವುದಿಲ್ಲ. ಸಕ್ಕರೆ, ಜೇನು, ಹಣ್ಣು ತಿಂದರೆ ವಾಂತಿ, ರಕ್ತದ ಸಕ್ಕರೆ ಕುಸಿತ. ಆದ್ದರಿಂದ ಚಿಕ್ಕಂದಿನಿಂದಲೇ ಸಿಹಿ ಮುಟ್ಟುವುದಿಲ್ಲ, ಅನ್ನ ರೊಟ್ಟಿ ಎಲ್ಲ ತಿನ್ನುತ್ತಾರೆ, ಅವರಲ್ಲಿ ಹುಳುಕು ತೀರಾ ಕಡಿಮೆ. ಹಲ್ಲು ವಿಶೇಷ ಗಟ್ಟಿ ಏನಲ್ಲ, ಸಕ್ಕರೆ ಬಾಯಿಗೆ ಬರಲಿಲ್ಲ ಅಷ್ಟೇ. ಜೀನು ಹುಳುಕನ್ನು ಅತಿ ಹೆಚ್ಚು ತಗ್ಗಿಸಿದ ಉದಾಹರಣೆಯೂ ಊಟದ ಮೂಲಕವೇ ಕೆಲಸ ಮಾಡಿದೆ.

ಇನ್ನು ಕಿಟ್. ಅದರ ರಿಸ್ಕ್ ಅಂಕದ ಹಿಂದಿನ ದತ್ತಾಂಶ ಬಹುಪಾಲು ಯುರೋಪಿಯನ್ ಮೂಲದವರದ್ದು, ಆ ಅಂಕವನ್ನು ಇಲ್ಲಿಯವರ ಮೇಲೆ ಹಾಕಿದರೆ ಲೆಕ್ಕ ಸಡಿಲ. ಮೇಲಾಗಿ ಎನಾಮಲ್ ಕಾಯಿಲೆಯ ಅಪರೂಪದ ದೋಷಗಳನ್ನು ಇಂಥ ಚಿಪ್‌ಗಳು ಸಾಮಾನ್ಯವಾಗಿ ಹಿಡಿಯುವುದೇ ಇಲ್ಲ. ಬೇಕಾದ್ದು ಸಿಗುವುದಿಲ್ಲ, ಸಿಗುವುದು ಬೇಕಾಗಿಲ್ಲ. ಹಾಕಬೇಡಿ.

ಲೈನ್‌ಮನೆ_ಆರೋಗ್ಯ_ಸಿದ್ದಾಪುರ

ಕುಟುಂಬದಲ್ಲಿ ಹರಿದುಬರುವುದೆಲ್ಲ ಜೀನಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮಗುವಿಗೆ ಹೆಚ್ಚಾಗಿ ಬರುವುದು ತಾಯಿ ಅಥವಾ ಸಾಕುವವರ ಜೊಲ್ಲಿನಿಂದ. ಒಂದೇ ಚಮಚದಲ್ಲಿ ರುಚಿ ನೋಡಿ ತಿನ್ನಿಸುವುದು, ಅಗಿದು ಕೊಡುವುದು. ತಾಯಿಯ ಬಾಯಲ್ಲಿ ತೆರೆದ ಹುಳುಕು ಇದ್ದರೆ ಮೊದಲು ಅದನ್ನು ಮುಚ್ಚಿಸಿ. ಸಕ್ಕರೆಯ ಅಭ್ಯಾಸವೂ ಹಾಗೇ, ಬೆಲ್ಲದ ಕಾಫಿ ದಿನಕ್ಕೆ ನಾಲ್ಕು ಸಲ ಕುಡಿಯುವ ಮನೆಯಲ್ಲಿ ಮಗುವಿಗೂ ಅದೇ ಲೋಟ.

ಮೇಷ್ಟ್ರು_ಗೋಣಿಕೊಪ್ಪ

ಬೆಲ್ಲ, ಜೇನು ಒಳ್ಳೆಯದು ಅನ್ನುವವರಿಗೆ ಏನು ಹೇಳಲಿ? ಕಾಡುಜೇನು ಔಷಧಿ, ಅದರಿಂದ ಹಲ್ಲು ಹೋಗುವುದಿಲ್ಲ ಎಂಬ ವಾದ ಇಲ್ಲಿ ಗಟ್ಟಿ.

ಮಕ್ಕಳ_ಹಲ್ಲು_ವಿರಾಜಪೇಟೆ

ಬೆಲ್ಲದ ಬಹುಪಾಲು ಸುಕ್ರೋಸ್, ಜೇನಿನದ್ದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಮೂರನ್ನೂ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಕೊಡಗಿನ ಜೇನು ಎಂದು ರಿಯಾಯಿತಿ ಕೊಡುವುದಿಲ್ಲ. ನಿಪ್ಪಲ್‌ಗೆ ಸವರುವುದಂತೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನೇ ಕೊಡಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯ.

ಪ್ರಮಾಣಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ 5.5ರ ಕೆಳಗಿಳಿಯುತ್ತದೆ, ಎನಾಮಲ್ ಕರಗಲು ಶುರು. ಜೊಲ್ಲು ಅದನ್ನು ಮೇಲಕ್ಕೆತ್ತಲು ಅರ್ಧ ಗಂಟೆಯಿಂದ ಒಂದು ಗಂಟೆ. ಸ್ವೀಡನ್ನಿನ ಲುಂಡ್ ಬಳಿಯ ವೀಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗ ಇದನ್ನೇ ತೋರಿಸಿತು: ಊಟದ ಜೊತೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ಅಂಟು ಮಿಠಾಯಿ ತಿಂದವರಿಗೆ ಹುಳುಕು ಬಹಳ. ರೋಗಿಗಳ ಒಪ್ಪಿಗೆ ಕೇಳದೆ ಮಾಡಿದ ಪ್ರಯೋಗ, ಇಂದು ಯಾರೂ ಬಿಡುವುದಿಲ್ಲ. ಫಲಿತಾಂಶ ಮಾತ್ರ ನಿಂತಿದೆ.

ಕಾಚಂಪುಳಿಯನ್ನೂ (ಕೊಡಗಿನ ಅಡುಗೆಯ ಕಡುಹುಳಿ ರಸ) ಕೆಲವರು ಇದರಲ್ಲಿ ಎಳೆದು ತರುತ್ತಾರೆ. ಅದು ನೇರ ಆಮ್ಲ, ಸವೆತ ತರಬಹುದೇ ಹೊರತು ಹುಳುಕಲ್ಲ. ಪಂದಿ ಕರಿಗೆ ಹಾಕುವ ಪ್ರಮಾಣಕ್ಕೆ ತಲೆಕೆಡಿಸಿಕೊಳ್ಳುವುದೇ ಬೇಡ.

ಮಗುವಿನ ‘ದೇಹದ ಕಡೆಯ’ ಅಪಾಯ ಅಳೆಯಬೇಕು ಎಂದರೆ ಜೀನಿಗಿಂತ ಜೊಲ್ಲು ಅಳೆಯಿರಿ, ಖರ್ಚೇ ಇಲ್ಲ. ಒಂದು ಗಂಟೆ ಏನೂ ತಿನ್ನದೆ ಕುಡಿಯದೆ, ನೆಟ್ಟಗೆ ಕೂತು ತಲೆ ಸ್ವಲ್ಪ ಮುಂದೆ ಬಾಗಿಸಿ, ನುಂಗದೆ 5 ನಿಮಿಷ ಕಪ್‌ಗೆ ಬಿಡಬೇಕು. ನೊರೆ ಇರುವುದರಿಂದ ಗೆರೆ ನೋಡಿದರೆ ಹೆಚ್ಚು ಕಾಣುತ್ತದೆ, ಕಪ್ಪನ್ನು ಮೊದಲೂ ಆಮೇಲೂ ತೂಗಿ, 1 ಗ್ರಾಂ ಎಂದರೆ 1 ಮಿ.ಲೀ. ದೊಡ್ಡವರಲ್ಲಿ ನಿಮಿಷಕ್ಕೆ 0.3 ಮಿ.ಲೀ. ಸುತ್ತ ಇರಬೇಕು, 0.1ಕ್ಕಿಂತ ಕಡಿಮೆ ಎಂದರೆ ಒಣಬಾಯಿ ಎಂದೇ ಅರ್ಥ. ಮಕ್ಕಳು ಮಧ್ಯೆ ನುಂಗಿಬಿಡುತ್ತಾರೆ, ಆಗ ಲೆಕ್ಕ ಕೆಡುತ್ತದೆ, ಇನ್ನೊಮ್ಮೆ ಮಾಡಿ.

ಔಷಧಿ_ಅಂಗಡಿ_ಸೋಮವಾರಪೇಟೆ

ನಿಜವಾದ ಜೀನ್ ಪರೀಕ್ಷೆ ಯಾರಿಗೆ ಹಾಗಾದರೆ? ಎನಾಮಲ್ ಕಾಯಿಲೆ ಎಂದು ಕಣ್ಣಿಗೇ ಕಂಡ ಮೇಲೆ ಜೀನಿನ ಹೆಸರು ತಿಳಿದು ಆಗುವುದೇನು, ಕ್ರೌನ್ ಹಾಕುವುದೇ ತಾನೆ?

ಜೀನ್_ಮಾತು_ಮಡಿಕೇರಿ

ಹೆಚ್ಚಿನವರಲ್ಲಿ ಹೌದು, ಚಿಕಿತ್ಸೆ ಬದಲಾಗುವುದಿಲ್ಲ. ಎರಡು ಕಡೆ ಬದಲಾಗುತ್ತದೆ. ಫ್ಯಾಮ್20ಎ ದೋಷದಲ್ಲಿ ಎನಾಮಲ್ ತೆಳು, ವಸಡು ಊದಿ ಬೆಳೆದಿರುತ್ತದೆ, ಶಾಶ್ವತ ಹಲ್ಲುಗಳು ಮೇಲೆ ಬರುವುದೇ ಇಲ್ಲ, ಜೊತೆಗೆ ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತದೆ. ಇಂಥ ಬಾಯಿ ಕಂಡರೆ ಕಿಡ್ನಿಯ ಅಲ್ಟ್ರಾಸೌಂಡ್ ಮೊದಲು. ಇನ್ನೊಂದು ಪಿಎಚ್‌ಇಎಕ್ಸ್: ಹುಳುಕೂ ಇಲ್ಲ, ಏಟೂ ಬಿದ್ದಿಲ್ಲ, ಆದರೂ ಹಲ್ಲಿನ ಬುಡದಲ್ಲಿ ಕೀವು ಗುಳ್ಳೆ. ಡೆಂಟಿನ್ ಸರಿಯಾಗಿ ಗಟ್ಟಿಯಾಗಿಲ್ಲ, ನರದ ಕೋಣೆಯ ಕೊಂಬುಗಳು ಎನಾಮಲ್ ತನಕ ಚಾಚಿವೆ, ಕಣ್ಣಿಗೆ ಕಾಣದ ಬಿರುಕಿನಿಂದಲೇ ಸೋಂಕು. ಮಗುವಿನ ಕಾಲು ಬಿಲ್ಲಿನಂತೆ ಬಾಗಿದ್ದರೆ ರಕ್ತದ ಫಾಸ್ಫೇಟ್ ಮಾಡಿಸಿ, ಅದು ಮಕ್ಕಳ ವೈದ್ಯರ ಕೇಸ್.

ಮಾಡಿಸುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ನಳಿಕೆಯಲ್ಲಿ 2-3 ಮಿ.ಲೀ. ರಕ್ತ, ಮಗುವಿನ ಜೊತೆ ಅಪ್ಪ ಅಮ್ಮನದ್ದೂ ಒಂದೇ ಸಲ ತೆಗೆದಿಡಿ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದಾಗ ಅಪ್ಪ ಅಮ್ಮನ ಮಾದರಿ ಇಲ್ಲದೆ ಮುಂದೆ ಹೋಗಲಾಗುವುದಿಲ್ಲ. ವಂಶವೃಕ್ಷದ ಹಾಳೆ, ಹಲ್ಲಿನ ಫೋಟೋ, ಎಕ್ಸ್‌ರೇ ಜೊತೆಗಿಲ್ಲದಿದ್ದರೆ ಪ್ರಯೋಗಾಲಯ ಎಲ್ಲಿ ನೋಡಬೇಕೆಂದೇ ತಿಳಿಯದೆ ಒದ್ದಾಡುತ್ತದೆ.

ಮಕ್ಕಳ_ಹಲ್ಲು_ವಿರಾಜಪೇಟೆ

ಮೇಷ್ಟ್ರೇ, ಮುಂದಕ್ಕೆ ಕಳಿಸಬೇಕಾದವರು: ಎಲ್ಲ ಹಲ್ಲೂ ಒಂದೇ ತರ ಕೆಟ್ಟವರು, ಕೆಳಗಿನ ಮುಂದಿನ ಹಲ್ಲು ಕೆಟ್ಟವರು, ಹುಳುಕಿಲ್ಲದೆ ಕೀವಾದವರು, ಉದ್ದ ಪಟ್ಟಿ ಇರುವ ಹೆಣ್ಣುಮಕ್ಕಳು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ, ಅವರ ಮೂಲಕವೇ ಕಳಿಸಬಹುದು. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿಗೆ ನೇರವಾಗಿ ಹೋದರೂ ಸರಿ.

ಉಳಿದವರಿಗೆ ವಂಶ ಏನೇ ಇರಲಿ ಕೆಲಸ ಒಂದೇ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್. ಟ್ಯೂಬಿನ ಹಿಂದೆ 1000 ಪಿಪಿಎಂ ಎಂದಿರಬೇಕು, ಗಿಡಮೂಲಿಕೆ ಪೇಸ್ಟುಗಳಲ್ಲಿ ಎಷ್ಟೋ ಕಡೆ ಫ್ಲೋರೈಡೇ ಇರುವುದಿಲ್ಲ. ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ, ಮುಕ್ಕಳಿಸಿದರೆ ಇದ್ದ ಫ್ಲೋರೈಡೂ ಹೋಯಿತು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಅಪ್ಪ ಅಮ್ಮನಿಗೆ ಹುಳುಕು ಜಾಸ್ತಿ ಇದ್ದ ಮನೆಯ ಮಗುವಿಗೆ ಶೇ. 5ರ ಫ್ಲೋರೈಡ್ ವಾರ್ನಿಷ್ ಆರು ತಿಂಗಳ ಬದಲು ಮೂರು ತಿಂಗಳಿಗೊಮ್ಮೆ. ಹಾಲು ಹಲ್ಲಿನ ಬಾಯಿಗೆ 0.25 ಮಿ.ಲೀ. ಸಾಕು, ಆಮೇಲೆ ನಾಲ್ಕು ಗಂಟೆ ಗಟ್ಟಿ ತಿಂಡಿಯೂ ಬ್ರಷ್ಷೂ ಬೇಡ. ಆಸ್ತಮಾ ಜೋರಾಗಿ ಆಸ್ಪತ್ರೆ ಸೇರಿದ ಮಗುವಾದರೆ ಹಚ್ಚಬೇಡಿ, ಅದರ ರಾಳಕ್ಕೆ ಅಲರ್ಜಿ ಆಗಬಹುದು.

ಲೈನ್‌ಮನೆ_ಆರೋಗ್ಯ_ಸಿದ್ದಾಪುರ

ಜುಲೈಯಲ್ಲಿ ಕರೆಂಟಿಲ್ಲದ ಕ್ಯಾಂಪಿನಲ್ಲಿ ಸೀಲೆಂಟ್ (ದವಡೆ ಹಲ್ಲಿನ ಗೀರು ಮುಚ್ಚುವ ಲೇಪ) ಹೇಗೆ? ಅರ್ಧ ಬಂದ ದವಡೆ ಹಲ್ಲು, ಜೊಲ್ಲು ನಿಲ್ಲುವುದಿಲ್ಲ.

ಮಕ್ಕಳ_ಹಲ್ಲು_ವಿರಾಜಪೇಟೆ

ಅಲ್ಲಿ ರೆಸಿನ್ ಸೀಲೆಂಟ್ ಮರೆತುಬಿಡಿ. ಆಮ್ಲ ಹಚ್ಚಿ ತೊಳೆದ ಮೇಲೆ ಒಂದು ಹನಿ ಜೊಲ್ಲು ತಾಗಿದರೂ ಅದು ಹಿಡಿಯುವುದಿಲ್ಲ, ಗಟ್ಟಿಯಾಗಿಸುವ ದೀಪವೂ ಬೇಕು. ಗ್ಲಾಸ್ ಅಯನೋಮರ್ ಸಿಮೆಂಟ್ ಬಳಸಿ. ಒದ್ದೆ ಹತ್ತಿಯಿಂದ ಗೀರು ಶುಚಿ ಮಾಡಿ, ಶೇ. 10ರ ಪಾಲಿಅಕ್ರಿಲಿಕ್ ಆಮ್ಲ 10-15 ಸೆಕೆಂಡ್, ಒದ್ದೆ ಹತ್ತಿಯಲ್ಲಿ ಒರೆಸಿ, ಒಣ ಹತ್ತಿಯಲ್ಲಿ ಒತ್ತಿ ತೆಗೆಯಿರಿ. ಪುಡಿ-ದ್ರವ ಕಂಪನಿ ಹೇಳಿದ ಅಳತೆಯಲ್ಲೇ, ಕಲಸಿದ್ದು ಹೊಳೆಯುತ್ತಿರುವಾಗಲೇ ಹಾಕಬೇಕು, ಹೊಳಪು ಹೋದ ಮೇಲೆ ಹಾಕಿದರೆ ಹಲ್ಲಿಗೆ ಅಂಟುವುದಿಲ್ಲ. ವ್ಯಾಸ್ಲಿನ್ ಸವರಿದ ಬೆರಳಿನಿಂದ ಅರ್ಧ ನಿಮಿಷ ಒತ್ತಿ, ಬೆರಳನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ, ನೇರ ಎತ್ತಿದರೆ ಮದ್ದೂ ಜೊತೆಗೇ ಬರುತ್ತದೆ. ಹೆಚ್ಚಾದದ್ದು ಕೆತ್ತಿ, ಮೇಲೆ ಮತ್ತೆ ವ್ಯಾಸ್ಲಿನ್, ಒಂದು ಗಂಟೆ ತಿನ್ನುವಂತಿಲ್ಲ.

ಪುಡಿಯ ಬಾಟಲಿಯನ್ನು ತೆರೆದಿಡಬೇಡಿ. ನಮ್ಮ ಮಳೆಗಾಲದ ಗಾಳಿಯ ತೇವಕ್ಕೆ ಅದು ಗಂಟು ಕಟ್ಟುತ್ತದೆ, ಆಮೇಲೆ ಅಳತೆ ಚಮಚಕ್ಕೆ ಅರ್ಥವೇ ಇರುವುದಿಲ್ಲ. ಆರು ತಿಂಗಳಿಗೆ ಮತ್ತೆ ನೋಡಿ, ಉದುರಿದ್ದರೆ ಇನ್ನೊಮ್ಮೆ ಹಾಕಿ. ಅಷ್ಟರಲ್ಲಿ ಹಲ್ಲು ಪೂರ್ತಿ ಬಂದಿದ್ದರೆ ಆಗ ಬೇಕಾದರೆ ರೆಸಿನ್‌ಗೆ ಹೋಗಬಹುದು.